ಕದ್ದ ದುಡ್ಡು ಗಡಿ ದಾಟಿದ್ರೆ ಹಿಡಿಯೋರು ಯಾರು?

ಉದ್ರಿ ತಗೊಂಡ ಗಿರಾಕಿ ಬೇರೆ ಊರು ಸೇರಿಬಿಟ್ರೆ ವಸೂಲಿ ಎಷ್ಟು ಕಷ್ಟ ಅಂತ ಅಂಗಡಿಯವರಿಗೆ ಗೊತ್ತು. ದೇಶದ ದುಡ್ಡೇ ಹಾಗೆ ಗಡಿ ದಾಟಿದ್ರೆ?

ಮಲೇಷ್ಯಾದಲ್ಲಿ ಆಗಿದ್ದು ಅದೇ. 1ಎಂಡಿಬಿ ಅಂತ 2009ರಲ್ಲಿ ಅಭಿವೃದ್ಧಿಗಾಗಿ ಮಾಡಿದ ಸರ್ಕಾರಿ ನಿಧಿಯಿಂದ 450 ಕೋಟಿ ಡಾಲರ್‌ಗೂ ಹೆಚ್ಚು ಹಣ ಲೂಟಿಯಾಗಿದೆ ಅನ್ನುತ್ತೆ ಅಮೆರಿಕದ ನ್ಯಾಯ ಇಲಾಖೆ. ದುಡ್ಡು ಸ್ವಿಟ್ಜರ್ಲೆಂಡ್, ಸಿಂಗಾಪುರ ಸುತ್ತಿ ಬಂಗಲೆ, ಒಡವೆ ಆಯ್ತು. ಈಕ್ವಾನಿಮಿಟಿ ಅನ್ನೋ ಮೋಜಿನ ಹಡಗೂ ಆಯ್ತು.

ಆ ಹಡಗಿನ ಕತೆ ಕೇಳಿ. ಅಮೆರಿಕ ಹೇಳಿತು ಅಂತ 2018ರ ಫೆಬ್ರವರಿಯಲ್ಲಿ ಇಂಡೋನೇಷ್ಯಾ ಪೊಲೀಸರು ಬಾಲಿ ಬಳಿ ಹಿಡಿದ್ರು. ಏಪ್ರಿಲ್‌ನಲ್ಲಿ ಅಲ್ಲಿನ ಕೋರ್ಟು ಜಪ್ತಿಯೇ ಸರಿಯಿಲ್ಲ ಅಂದಿತು! ಅಮೆರಿಕ ಕಾನೂನು ನೆರವಿನ ಅಧಿಕೃತ ಕೋರಿಕೆ ಕಳಿಸಿದ ಮೇಲೆ ಮತ್ತೆ ಹಿಡಿದು, ಆಗಸ್ಟ್‌ನಲ್ಲಿ ಮಲೇಷ್ಯಾಗೆ ಒಪ್ಪಿಸಿದ್ರು. ಮರುವರ್ಷ 12.6 ಕೋಟಿ ಡಾಲರ್‌ಗೆ ಮಾರಾಟ. ಅಂದ್ರೆ ಕಾಗದ ಪತ್ರ ಗಟ್ಟಿ ಇಲ್ಲದಿದ್ರೆ ಹಿಡಿದದ್ದೂ ಕೈ ತಪ್ಪುತ್ತೆ. ದೇಶ ದೇಶಗಳ ತನಿಖಾಧಿಕಾರಿಗಳಿಗೆ ಒಟ್ಟಿಗೆ ತರಬೇತಿ ಕೊಡೋದು ಇದಕ್ಕೇ. 2003ರ ವಿಶ್ವಸಂಸ್ಥೆ ಭ್ರಷ್ಟಾಚಾರ ವಿರೋಧಿ ಒಪ್ಪಂದದಲ್ಲೂ ಈ ಮಾತಿದೆ. ಭಾರತ 2011ರಲ್ಲಿ ಅದನ್ನ ಅನುಮೋದಿಸಿದೆ.

ಆದ್ರೆ ಹೊರಗಿನವರ ನೆರವು ಒಂದೇ ಸಾಲಲ್ಲ. 2016ರಲ್ಲಿ ಸ್ವಿಟ್ಜರ್ಲೆಂಡ್ ತನಿಖೆಗೆ ಸಹಕಾರ ಕೇಳಿದಾಗ ಮಲೇಷ್ಯಾ ಸರ್ಕಾರವೇ ಒಲ್ಲೆ ಅಂದಿತ್ತು. ಆಗ ಪ್ರಧಾನಿ ನಜೀಬ್ ರಜಾಕ್. 2018ರ ಮೇನಲ್ಲಿ ಜನ ಓಟು ಹಾಕಿ ಅವರನ್ನ ಇಳಿಸಿದ ಮೇಲೇ ಫೈಲು ಓಡಿದ್ದು. 2022ರ ಆಗಸ್ಟ್‌ನಲ್ಲಿ ಅವರು ಜೈಲಿಗೆ ಹೋದ್ರು.