ಕಡವನ್ನು ಮರೆತ ಕಾಲ್ನಡಿಗೆ

ಕುಸನೂರಿನವನೊಬ್ಬ ಕಡಲ ದಂಡೆಗುಂಟ ನಡೆಯುತ್ತೇನೆಂದರೆ ನಗುವವರುಂಟು. ತುಳಜಾಪುರಕ್ಕೋ ಪಂಢರಪುರಕ್ಕೋ ನಡೆದರೆ ಭಕ್ತಿ. ಹರಕೆಯಿಲ್ಲದೆ ಕಾರವಾರದಿಂದ ಹೊನ್ನಾವರಕ್ಕೆ ನಡೆದರೆ ಹುಚ್ಚು! ಆ ನಗೆಗೆ ನನ್ನ ಬೇಸರವಿಲ್ಲ. ನನ್ನ ತಕರಾರೆಲ್ಲ ನಕಾಶೆ ಹರಡಿ ಯೋಜನೆ ಹಾಕಿಕೊಡುವ ಪಂಡಿತರ ಮೇಲೆ.

ಬೂಟು ಯಾವುದು, ಚೀಲದ ತೂಕವೆಷ್ಟು, ಹೋಟೆಲು ಎಲ್ಲಿ ಎಂದು ಅವರು ಕೇಳುತ್ತಾರೆ. ನದಿಯ ಮಾತೇ ಇಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಈ ನಾಲ್ಕೂ ಕರಾವಳಿಯ ದಾರಿಯನ್ನು ಕತ್ತರಿಸುತ್ತವೆ. ಗೋಕರ್ಣದಿಂದ ತೆಂಕಣಕ್ಕೆ ನಡೆದವನಿಗೆ ತದಡಿಯಲ್ಲಿ ನೆಲ ಮುಗಿಯುತ್ತದೆ. ಆಚೆ ದಡದಲ್ಲಿ ಅಘನಾಶಿನಿ ಗ್ರಾಮ. ಕಡವಿನ ದೋಣಿಯಿಲ್ಲದಿದ್ದರೆ ಮಿರ್ಜಾನದ ಹೆದ್ದಾರಿ ಸುತ್ತಬೇಕು. ನದಿಯ ಒಳಗೆ ಐಗಳಕುರ್ವೆಯಂಥ ನಡುಗಡ್ಡೆಗಳುಂಟು. ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತವನ್ನು ಗಜನಿ ಗದ್ದೆಗಳಲ್ಲಿ ಬೆಳೆದ ಸೀಮೆ ಅದು. ಹೆದ್ದಾರಿ ಹಿಡಿದವನಿಗೆ ಅದೆಲ್ಲಿ ಕಂಡೀತು?

ಸೇತುವೆಗಳಿವೆಯಲ್ಲ ಎನ್ನಬಹುದು. ಸೇತುವೆ ಬೇಡವೆಂದವರಾರು? ಆದರೆ ಹೆದ್ದಾರಿಯ ಸೇತುವೆ ಲಾರಿಯ ಲೆಕ್ಕದ್ದು, ಕಾಲಿನ ಲೆಕ್ಕದ್ದಲ್ಲ. ಅದೂ ಶಾಶ್ವತವಲ್ಲ: ಕಾಳಿಯ ಹಳೆಯ ಸೇತುವೆ 2024ರ ಆಗಸ್ಟ್ 7ರಂದು ಕುಸಿದುಬಿತ್ತು. ಸೇತುವೆಯಿದೆಯೆಂದು ಕಡವು ನಿಲ್ಲಿಸಿದರೆ ನಷ್ಟ ನನ್ನಂಥ ಹವ್ಯಾಸಿಗೆ ಅಲ್ಪ. ಮೀನಬುಟ್ಟಿ ಹೊತ್ತು ದಾಟುವ ಹೆಂಗಸಿಗೆ ಅದು ದಿನದ ಅನ್ನದ ಪ್ರಶ್ನೆ.

ಆದಕಾರಣ ನನ್ನ ಯೋಜನೆಯ ಮೊದಲ ಸಾಲು ಬೂಟಿನದಲ್ಲ. ದೋಣಿ ಎಷ್ಟು ಹೊತ್ತಿಗೆ, ಭರತವೆಂದು, ಇಳಿತವೆಂದು, ಮಳೆಗಾಲದಲ್ಲಿ ದಾಟಿಸುತ್ತಾರೋ ಇಲ್ಲವೋ ಎಂಬುದು. ಪಂಢರಪುರದ ದಿಂಡಿ ದಾರಿಯ ಊರುಗಳನ್ನು ನಂಬಿ ಹೊರಡುತ್ತದೆ. ಕಡಲ ದಾರಿಯವನು ಅಂಬಿಗನನ್ನು ನಂಬಬೇಕು. ಕರಾವಳಿಗೆ ನಡೆದಾಡುವ ದಾರಿ ಬೇಕೆಂದು ಲೇಖನ ಬರೆಯುವ ಮಹನೀಯರು, ಫಲಕ ನೆಡುವ ಮೊದಲು, ಕಡವುಗಳನ್ನು ಉಳಿಸಿರೆಂದು ಕೇಳಲಿ.