ಬಂದರಿನ ಲೆಕ್ಕ ಘಟ್ಟವನ್ನೂ ಹತ್ತಲಿ

ಕಡಲು ಕಾಣದ ಊರಿನವರಿಗೆ ಬಂದರಿನ ಚಿಂತೆ ಏಕೆಂದು ಕೇಳುವವರಿದ್ದಾರೆ. ಕುದುರೆಮುಖದ ಬೆಟ್ಟ ಬಗೆದು ತೆಗೆದ ಅದಿರು ರಾಡಿಯಾಗಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿನ ಕಡಲತಡಿಗೆ ಇಳಿದದ್ದನ್ನು ಬಲ್ಲವರು ಹಾಗೆ ಕೇಳಲಾರರು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಯಲ್ಲಿ ಆ ಗಣಿಗಾರಿಕೆ ನಿಂತಿತು. ಬೆಟ್ಟಕ್ಕೂ ಬಂದರಿಗೂ ಇರುವ ನಂಟು ಮಾತ್ರ ಕಡಿಯಲಿಲ್ಲ. ನವಮಂಗಳೂರು ಬಂದರಿನ ಸರಕು ಇಂದಿಗೂ ಶಿರಾಡಿ ಘಾಟಿಯನ್ನು ಹತ್ತಿ ಇಳಿಯುತ್ತಿದೆ. ಹೊನ್ನಾವರದ ಕಾಸರಕೋಡು, ಅಂಕೋಲೆಯ ಕೇಣಿಗಳಲ್ಲಿ ಹೊಸ ಬಂದರುಗಳ ವಿರುದ್ಧ ಮೀನುಗಾರರು ಹೋರಾಟಕ್ಕಿಳಿದಿದ್ದಾರೆ. ಅಲ್ಲಿ ಬಂದರು ಎದ್ದರೆ ಸರಕಿಗೆ ದಾರಿ ಬೇಕಾಗುವುದು ನಮ್ಮ ಕಾಡುಗಳ ನಡುವೆಯೇ.

ಕೇಂದ್ರ ಬಂದರು ಸಚಿವಾಲಯವು 2023ರ ಮೇ ತಿಂಗಳಲ್ಲಿ 'ಹರಿತ್ ಸಾಗರ್' ಎಂಬ ಮಾರ್ಗಸೂಚಿಯನ್ನು ಹೊರಡಿಸಿತು. ಪ್ರತಿ ಟನ್ ಸರಕಿಗೆ ಹೊರಬೀಳುವ ಇಂಗಾಲವನ್ನು 2030ರೊಳಗೆ ಶೇ. 30ರಷ್ಟು, 2047ರೊಳಗೆ ಶೇ. 70ರಷ್ಟು ತಗ್ಗಿಸುವುದು ಅದರ ಗುರಿಗಳಲ್ಲೊಂದು. ಅಳೆಯದೆ ಏನನ್ನೂ ತಿದ್ದಲಾಗದು. ಆದ್ದರಿಂದ ಈ ಹೆಜ್ಜೆ ಸ್ವಾಗತಾರ್ಹ. ಆದರೆ 'ಪ್ರತಿ ಟನ್ನಿಗೆ' ಎಂಬ ಮಾತನ್ನು ಎಚ್ಚರದಿಂದ ಓದಬೇಕು. ಇಂದಿನ ಹೊಗೆ 100 ಪಾಲು ಎನ್ನೋಣ. ಟನ್ನಿಗೆ ಶೇ. 30 ಇಳಿದು, ಸರಕು ಇಮ್ಮಡಿಯಾದರೆ ಒಟ್ಟು ಹೊಗೆ 140 ಪಾಲಾಗುತ್ತದೆ. ಕಡತದಲ್ಲಿ ಗುರಿ ಮುಟ್ಟಿರುತ್ತದೆ. ಗಾಳಿ ಮಾತ್ರ ಇನ್ನಷ್ಟು ಕೆಟ್ಟಿರುತ್ತದೆ.

ಅಳತೆ ಎಲ್ಲಿಗೆ ನಿಲ್ಲುತ್ತದೆ ಎಂಬುದೂ ಅಷ್ಟೇ ಮುಖ್ಯ. ಅಮೆರಿಕದ ಲಾಸ್ ಏಂಜಲೀಸ್ ಬಂದರಿನ ನೆರೆಯ ನಿವಾಸಿಗಳು ಪರಿಸರ ಸಂಘಟನೆಗಳೊಡನೆ 2001ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. 2006ರಲ್ಲಿ ಆ ಬಂದರು ನೆರೆಯ ಲಾಂಗ್ ಬೀಚ್ ಬಂದರಿನೊಡನೆ ಸೇರಿ ಶುದ್ಧಗಾಳಿಯ ಯೋಜನೆಯನ್ನು ರೂಪಿಸಿತು. ಹಡಗು, ಕ್ರೇನುಗಳ ಹೊಗೆಯಷ್ಟೇ ಅಲ್ಲ, ಬಂದರಿನ ಬೇಲಿಯಾಚೆ ಓಡುವ ಲಾರಿ, ರೈಲುಗಳ ಹೊಗೆಯನ್ನೂ ವರ್ಷವರ್ಷ ಲೆಕ್ಕಹಾಕಿ ಪ್ರಕಟಿಸುತ್ತಾರೆ. 2008ರಿಂದ ಹಳೆಯ ಲಾರಿಗಳನ್ನು ಹಂತಹಂತವಾಗಿ ಹೊರಗಿಟ್ಟರು. 2005ಕ್ಕೆ ಹೋಲಿಸಿದರೆ ಅಲ್ಲಿ ಡೀಸೆಲ್ ಹೊಗೆಯ ಕಣಗಳು ಶೇ. 85ಕ್ಕೂ ಹೆಚ್ಚು ತಗ್ಗಿವೆ. ಜನರು ಕೇಳಿದ್ದರಿಂದ ಲೆಕ್ಕ ಬೇಲಿಯನ್ನು ದಾಟಿತು.

ನಾವು ಕೇಳಬೇಕಾದದ್ದೂ ಇದನ್ನೇ: ಟನ್ನಿನ ಲೆಕ್ಕದ ಜೊತೆಗೆ ಒಟ್ಟು ಲೆಕ್ಕವನ್ನೂ ಕೊಡಿ, ಘಾಟಿ ರಸ್ತೆಯ ಹೊಗೆ, ದೂಳನ್ನು ಬಂದರಿನ ಖಾತೆಗೇ ಬರೆಯಿರಿ, ಅದನ್ನು ಕನ್ನಡದಲ್ಲಿ ಪ್ರಕಟಿಸಿ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ, ಪರಿಸರ ಅನುಮತಿ ಪಡೆದವರು ಆರು ತಿಂಗಳಿಗೊಮ್ಮೆ ಷರತ್ತು ಪಾಲನೆಯ ವರದಿ ಸಲ್ಲಿಸಬೇಕು. ಅವು ಸಾರ್ವಜನಿಕ ದಾಖಲೆಗಳು. ಮಾಹಿತಿ ಹಕ್ಕಿನಡಿ ಪಡೆದು ಗ್ರಾಮಸಭೆಯಲ್ಲಿ ಓದಬಹುದು.

ವಿದ್ಯಾರ್ಥಿ ಮಿತ್ರರು ಇಂದೇ ಒಂದು ಕೆಲಸ ಆರಂಭಿಸಲಿ. ತಿಂಗಳಿಗೊಂದು ದಿನ ಘಾಟಿಯ ತಿರುವಿನಲ್ಲಿ ಕುಳಿತು ಎಷ್ಟು ಲಾರಿ ಹತ್ತಿದವು, ಎಷ್ಟು ಇಳಿದವು, ಟಾರ್ಪಾಲು ಹೊದಿಸದವು ಎಷ್ಟು ಎಂದು ಬರೆದಿಡಲಿ. ನಾಳೆ ಅಹವಾಲು ಸಭೆ ನಡೆದಾಗ ನಮ್ಮ ದೂರಿನ ಜೊತೆಗೆ ನಮ್ಮದೇ ಲೆಕ್ಕವೂ ಇರಲಿ.