ದ್ರಾಕ್ಷಿಯ ಸೀಮೆಯಲ್ಲಿ ಎರಡು ದಿನ

ಕಳೆದ ಫೆಬ್ರವರಿಯ ಒಂದು ಶನಿವಾರ, ಇನ್ನೂ ನಸುಕಿರುವಾಗಲೇ, ನಾವು ಐದು ಜನ ವಡ್ಡಿನಿಂದ ಹೊರಟೆವು. ದ್ರಾಕ್ಷಿತೋಟವನ್ನು ನೋಡಬೇಕು, ಅದರ ವೈನಿನ ರುಚಿಯನ್ನೂ ನೋಡಬೇಕು ಎಂಬುದು ನಮ್ಮ ಭಾವನವರ ಬಹುದಿನದ ಹಂಬಲ. ಚಿಕ್ಕಮ್ಮನಿಗೆ ಮಾತ್ರ ‘ದ್ರಾಕ್ಷಾರಸ’ವೆಂದು ಹೇಳಿ ಕರೆತಂದಿದ್ದರು. ಆ ಶಬ್ದದ ಮರೆಯಲ್ಲಿ ಸಣ್ಣದೊಂದು ವಂಚನೆ ಅಡಗಿದ್ದಿತೆಂಬುದನ್ನು ವಾಚಕರು ಊಹಿಸಬಹುದು. ನಮ್ಮ ಚಿಕ್ಕಪ್ಪನವರು ಸಾರಾಯಿಯಿಂದಲೇ ತೀರಿಕೊಂಡವರು.

ಹೊಸಪೇಟೆಯಲ್ಲಿ ಒಗ್ಗರಣೆ-ಮಿರ್ಚಿಯ ಫಲಾಹಾರ ಮುಗಿಸಿ, ತುಂಗಭದ್ರೆಯ ಅಣೆಕಟ್ಟನ್ನು ಎಡಕ್ಕೆ ಬಿಟ್ಟು, ಮುನಿರಾಬಾದಿನ ಮೇಲೆ ಕುಷ್ಟಗಿಯ ಹಾದಿ ಹಿಡಿದೆವು. ಈ ಸೀಮೆಗೆ ದ್ರಾಕ್ಷಿ ಹೊಸದೇನೂ ಅಲ್ಲ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ ಪ್ರವಾಸಿ ದೊಮಿಂಗೊ ಪಾಯೆಸನು ಇಲ್ಲಿಯ ತೋಪುಗಳಲ್ಲಿ ಬಿಳಿಯ ದ್ರಾಕ್ಷಿ ಇದ್ದುದನ್ನು ಬರೆದಿರುವನು. ಪೇಟೆಯಲ್ಲಿ ಒಂದು ಪಣಕ್ಕೆ ದಾಳಿಂಬೆ ಹತ್ತು, ದ್ರಾಕ್ಷಿಯ ಗೊಂಚಲು ಮೂರೇ ಎಂದೂ ಆತನ ಲೆಕ್ಕ. ದ್ರಾಕ್ಷಿ ಅಂದಿಗೂ ಅಗ್ಗದ ಹಣ್ಣಾಗಿರಲಿಲ್ಲ!

ಹಂಪೆಯ ಬೆಟ್ಟಗಳ ಹೆಸರನ್ನು ಸೀಸೆಯ ಮೇಲೆ ಹೊತ್ತ ಕೃಷ್ಮಾ ತೋಟದ ವೈನು ಈ ಕೊಪ್ಪಳ ಜಿಲ್ಲೆಯದೇ. ನಾವು ಹೋದುದು ಬೇರೊಂದು ತೋಟಕ್ಕೆ. ವೈನಿನ ಕಾರ್ಖಾನೆಗೆ ಹಣ್ಣು ಒದಗಿಸುವ ಪರಿಚಿತರೊಬ್ಬರದು. ಮಧ್ಯಾಹ್ನದ ಊಟ ಅವರ ಮನೆಯಲ್ಲಿಯೇ ಆಯಿತು. ಬಿಸಿ ಜೋಳದ ರೊಟ್ಟಿ, ಬದನೆಯ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಅದರ ಮೇಲೆ ಗಟ್ಟಿ ಮೊಸರು. ಎಣ್ಣೆಗಾಯಿಗೆ ಹುರಿದ ಗುರೆಳ್ಳನ್ನು ಧಾರಾಳವಾಗಿ ಹಾಕಿದ್ದರು. ಚಿಕ್ಕಮ್ಮ ಅಡಿಗೆಯ ಮನೆಗೇ ಹೋಗಿ ಅಳತೆಯನ್ನು ಕೇಳಿಕೊಂಡು ಬಂದಳು.

ಅನಂತರ ತೋಟ. ಚಳಿದೇಶಗಳಲ್ಲಿ ಹಿಮಗಾಲವೇ ದ್ರಾಕ್ಷಿಬಳ್ಳಿಯನ್ನು ಮಲಗಿಸುವುದು. ನಮ್ಮಲ್ಲಿ ಬಳ್ಳಿಗೆ ನಿದ್ರೆಯೆಂಬುದಿಲ್ಲ. ಆದುದರಿಂದ ವರ್ಷಕ್ಕೆ ಎರಡು ಸಲ ಕತ್ತರಿ ಹಾಕಬೇಕು. ಇದಕ್ಕೆ ಬೆಳೆಗಾರರು ‘ಚಾಟಣಿ’ ಎನ್ನುವರು. ಬೇಸಗೆಯ ಚಾಟಣಿ ಕಡ್ಡಿಗಾಗಿ, ಮಳೆ ಹಿಂಜರಿದ ಮೇಲಿನದು ಹಣ್ಣಿಗಾಗಿ. ವೈನಿನ ಹಣ್ಣು ನಾವು ತಿನ್ನುವಂಥದಲ್ಲ. ಕಾಳು ಸಣ್ಣದು, ಸಿಪ್ಪೆ ದಪ್ಪ, ಬೀಜ ಬಹಳ. ಕೆಂಪು ವೈನಿಗೆ ಬಣ್ಣವನ್ನು ಕೊಡುವುದು ಆ ಸಿಪ್ಪೆಯೇ. ರಸವನ್ನು ಸಿಪ್ಪೆಯೊಡನೆಯೇ ಹುಳಿಯಬಿಡುವರೆಂದು ಯಜಮಾನರು ವಿವರಿಸುತ್ತಿದ್ದರು.

“ಹುಳಿಯಬಿಡೋದಂದ್ರ?” ಎಂದಳು ಚಿಕ್ಕಮ್ಮ.

ಎಲ್ಲರೂ ಸುಮ್ಮನಾದೆವು. ಭಾವನವರು ನಗುತ್ತ, “ಅತ್ತೇ, ನೀವು ದಿನಾ ಊಟದ ಮೇಲೆ ಕುಡಿಯೋ ದ್ರಾಕ್ಷಾಸವ ಮತ್ತೇನು? ಅದೂ ದ್ರಾಕ್ಷಿ, ಬೆಲ್ಲ, ಧಾತಕಿ ಹೂವು ಹಾಕಿ ಹುಳಿಸಿದ್ದೇ ಅಲ್ಲವೇ?” ಎಂದರು. ಮಾತು ಸುಳ್ಳಲ್ಲ, ಆಸವಗಳಲ್ಲಿ ಹುಳಿತದಿಂದ ತಾನಾಗಿ ಹುಟ್ಟಿದ ಮದ್ಯಾಂಶ ಇದ್ದೇ ಇರುವುದು.

“ಅದನ್ನ ನಾನು ಚಮಚದಾಗ ಅಳದು ಕುಡೀತೀನಪ್ಪ. ನಿಮ್ಮ ಮಾವನವರು ಅಳೀತಿದ್ರೇನು?” ಎಂದು ಚಿಕ್ಕಮ್ಮ ಬಳ್ಳಿಸಾಲಿನೊಳಗೆ ನಡೆದುಬಿಟ್ಟಳು.

ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾದುದು 2007ರ ಜುಲೈಯಲ್ಲಿ. ದ್ರಾಕ್ಷಿ ಸಂಸ್ಕರಣೆಗೂ ವೈನಿಗೂ ಉತ್ತೇಜನ ಕೊಡುವ ಸರಕಾರದ ನೀತಿ ಬಂದುದೂ ಅದೇ ವರ್ಷ. ಒಂದು ಕೂಲಿಯವನ ಮನೆ ಉಳಿಯಲೆಂದು, ಇನ್ನೊಂದು ಬೆಳೆಗಾರನಿಗೆ ಬೆಲೆ ಸಿಕ್ಕಲೆಂದು. ಎರಡಕ್ಕೂ ನ್ಯಾಯವಾದ ಕಾರಣವುಂಟೆಂದು ನಾನು ಬಲ್ಲೆ. ಆದರೆ ಚಿಕ್ಕಪ್ಪನವರು ಆ ನಿಷೇಧಕ್ಕೆ ನಾಲ್ಕು ವರ್ಷ ಮೊದಲೇ ಹೋದವರು. ಅದನ್ನು ಚಿಕ್ಕಮ್ಮನಿಗೆ ಯಾರು ವಿವರಿಸಬೇಕು?

ಸಾಲಿನ ಕೊನೆಯಲ್ಲಿ ಆಕೆ ಹಣ್ಣು ಕೊಯ್ಯುವ ಹೆಂಗಸೊಬ್ಬಳ ಪಕ್ಕದಲ್ಲಿ ಕುಳಿತಿದ್ದಳು. “ನಿಮ್ಮ ಮನೀ ಗಂಡಸರು ಇದನ್ನ ಕುಡೀತಾರೇನವ್ವ?” ಎಂದು ಕೇಳಿದಳಂತೆ. ಆ ಹೆಂಗಸು ನಕ್ಕು, “ಒಂದು ಬಾಟ್ಲಿಗೆ ನನ್ನ ನಾಕು ದಿನದ ಕೂಲಿ ಬೇಕು, ಎಲ್ಲಿಂದ ಕುಡೀತಾರ?” ಎಂದಳಂತೆ. ಚಿಕ್ಕಮ್ಮ ಮರಳಿ ಬಂದು ಇದನ್ನು ಹೇಳಿದಳೇ ಹೊರತು, ಸಮಾಧಾನವಾಯಿತೆಂದಾಗಲಿ ಇಲ್ಲವೆಂದಾಗಲಿ ಹೇಳಲಿಲ್ಲ.

ಸಂಜೆ ಯಜಮಾನರು ಬಟ್ಟಲುಗಳನ್ನಿಟ್ಟರು. ಭಾವನವರು ಕುಡಿದು, ಒಗರು ಹೆಚ್ಚೆಂದರು. ನಾನು ಮೂಸಿ ನೋಡಿ ಕೆಳಗಿಟ್ಟೆ. ವ್ರತವೇನೂ ಇಲ್ಲ, ಆಕೆಯ ಕಣ್ಣೆದುರು ಕೈ ಮೇಲೇಳಲಿಲ್ಲ.

ಮರುದಿನ ಗಂಗಾವತಿ, ಕಂಪ್ಲಿಗಳ ಗದ್ದೆಯ ಹಸುರನ್ನು ನೋಡುತ್ತ ಊರು ಸೇರಿದೆವು. ಭಾವನವರು ಕೊಂಡ ಎರಡು ಸೀಸೆಗಳು ಗಾಡಿಯಲ್ಲಿಯೇ ಉಳಿದು ಅವರೂರಿಗೆ ಹೋದುವು. ಚಿಕ್ಕಮ್ಮ ತಂದ ತಿನ್ನುವ ದ್ರಾಕ್ಷಿ ಮಾತ್ರ ಓಣಿಯ ಮಕ್ಕಳಿಗೆಲ್ಲ ಹಂಚಿಹೋಯಿತು.